ಬಂಪರ್ ಒಡೆದರೆ ರಸ್ತೆಯಲ್ಲೇ ರಾಜಿ ಯಾಕೆ? ಗಾಡಿ ವಿಮೆಯ ಹಳೆ ಕಥೆ

ಇವತ್ತು ಒಂದು ಸಣ್ಣ ಡೆಂಟಿನ ದೊಡ್ಡ ಇತಿಹಾಸ ಹೇಳ್ತೀನಿ.

ಕಬ್ಬಿನ ಸುಗ್ಗಿ ಶುರುವಾಯಿತು ಅಂದ್ರೆ ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳಲ್ಲಿ ಇದನ್ನ ನೀವೂ ನೋಡಿರ್ತೀರಿ. ಎರಡು ಟ್ರೇಲರ್ ಎಳೆದುಕೊಂಡು ಹೊರಟ ಟ್ರ್ಯಾಕ್ಟರ್. ಹಿಂದೆ ಲೈಟಿಲ್ಲ. ಕಾರಿನ ಬಂಪರ್ ಅದಕ್ಕೆ ತಾಗ್ತದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ. ಐದೇ ನಿಮಿಷದಲ್ಲಿ ಇಪ್ಪತ್ತು ಮಂದಿ ಸೇರ್ತಾರೆ. "ತಪ್ಪು ನಿಂದೇ ಅದ" ಅಂತ ಒಬ್ಬ, "ಐದು ಸಾವಿರ ಕೊಟ್ಟು ಹೋಗ್ರಿ" ಅಂತ ಇನ್ನೊಬ್ಬ. ಕೊನೆಗೆ ಹಿರಿಯರೊಬ್ಬರು ನಡುವೆ ಬಂದು ರಾಜಿ ಮಾಡಿಸ್ತಾರೆ.

ಎರಡೂ ಗಾಡಿಗೆ ಇನ್ಶೂರೆನ್ಸ್ ಇದ್ದರೂ ಆ ಹೊತ್ತಿನಲ್ಲಿ ಯಾರೂ ಅದರ ಹೆಸರು ಎತ್ತಲ್ಲ. "ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ" ಅಂತ ಬೈಯೋದು ಸುಲಭ. ಆದರೆ ಕಾನೂನಿನ ಇತಿಹಾಸ ಓದಿದಾಗ ನನಗೆ ಕಂಡದ್ದು ಬೇರೆ. ಗಾಡಿ ವಿಮೆಯ ಕಾನೂನು ಹುಟ್ಟಿದ್ದು ಡೆಂಟಿಗಾಗಿ ಅಲ್ಲವೇ ಅಲ್ಲ.

ಮೊದಲು ಇಂಗ್ಲೆಂಡಿಗೆ ಹೋಗೋಣ. 1920ರ ದಶಕದಲ್ಲಿ ಅಲ್ಲಿ ಮೋಟಾರುಗಳು ಹೆಚ್ಚಾದವು, ಸಾವುಗಳೂ ಹೆಚ್ಚಾದವು. ಕಾರು ಬಡಿದು ಕಾಲು ಮುರಿದವನು ಕೋರ್ಟಿಗೆ ಹೋಗಿ ಗೆಲ್ಲಬಹುದಿತ್ತು. ಆದರೆ ಗುದ್ದಿದವನ ಹತ್ತಿರ ದುಡ್ಡೇ ಇಲ್ಲದಿದ್ದರೆ ಗೆದ್ದು ಏನು ಪ್ರಯೋಜನ? ಅದಕ್ಕೇ 1930ರ ರೋಡ್ ಟ್ರಾಫಿಕ್ ಕಾಯ್ದೆ ಬಂತು. ಗಾಡಿ ರಸ್ತೆಗೆ ಇಳಿಸಬೇಕಾದರೆ, ಅದರಿಂದ ಪೆಟ್ಟು ತಿನ್ನುವ ಬೇರೆಯವರಿಗಾಗಿ ವಿಮೆ ಮಾಡಿಸಲೇಬೇಕು. ಒಂದು ಪಾರ್ಟಿ ನೀವು, ಎರಡನೆಯದು ಕಂಪನಿ, ಮೂರನೆಯದು ಆ ಪೆಟ್ಟು ತಿಂದವನು. ಥರ್ಡ್ ಪಾರ್ಟಿ ಅಂದ್ರೆ ಇಷ್ಟೇ.

ನಮ್ಮ ದೇಶದಲ್ಲಿ ಇದೇ ವಿಚಾರ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಬಂತು. ಕಡ್ಡಾಯ ವಿಮೆಯ ಅಧ್ಯಾಯ ಜಾರಿಯಾಗಿದ್ದು ಮಾತ್ರ 1946ರ ಜುಲೈ 1ರಂದು.

ಆಗ ನಮ್ಮ ಭಾಗ ಎಲ್ಲಿತ್ತು? ಆಳಂದ, ಅಫಜಲಪುರ, ಜೇವರ್ಗಿ ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಪಡುವಣಕ್ಕೆ ಸೊಲ್ಲಾಪುರ ಬ್ರಿಟಿಷರದ್ದು, ನಡುವೆ ಅಕ್ಕಲಕೋಟ ಇನ್ನೊಂದು ಸಂಸ್ಥಾನ. ಜೇವರ್ಗಿ ದಾಟಿ ಸಿಂದಗಿ ಕಡೆ ಹೋದರೆ ಬ್ರಿಟಿಷರ ಬಿಜಾಪುರ ಜಿಲ್ಲೆ. 1939ರ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ್ದು, ನಿಜಾಮರ ನೆಲಕ್ಕೆ ಅನ್ವಯಿಸುತ್ತಿರಲಿಲ್ಲ. ಅಂದ್ರೆ ಸೊಲ್ಲಾಪುರದಿಂದ ಹೊರಟ ಲಾರಿ ಅಫಜಲಪುರ ಮುಟ್ಟುವಷ್ಟರಲ್ಲಿ ಮೂರು ಆಡಳಿತ ದಾಟುತ್ತಿತ್ತು.

ಹಾಗಂತ ನಿಜಾಮರ ರಾಜ್ಯ ಮೋಟಾರು ವಿಷಯದಲ್ಲಿ ಹಿಂದಿತ್ತು ಅಂದುಕೊಳ್ಳಬೇಡಿ. 1932ರಲ್ಲೇ ಅಲ್ಲಿ ಸರ್ಕಾರಿ ಬಸ್ ಸೇವೆ 27 ಬಸ್ಸುಗಳಿಂದ ಶುರುವಾಗಿತ್ತು. ಹೈದರಾಬಾದ್ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಆಮೇಲೆ ದೇಶದ ಕಾನೂನು ಇಲ್ಲಿಗೂ ಬಂತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಅದೇ 1956ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಅಪಘಾತದ ಪರಿಹಾರಕ್ಕೆಂದೇ ಕ್ಲೇಮ್ಸ್ ಟ್ರಿಬ್ಯೂನಲ್ ಎಂಬ ಪ್ರತ್ಯೇಕ ನ್ಯಾಯಮಂಡಳಿ ಬಂತು. ಅದೂ ಸಾವು-ನೋವಿಗೆ ಮಾತ್ರ. ಇನ್ನೊಬ್ಬರ ಗಾಡಿ, ಗೋಡೆ, ಅಂಗಡಿಗೆ ಆದ ಹಾನಿ ಈ ವ್ಯವಸ್ಥೆಯೊಳಗೆ ಬಂದದ್ದು 1969ರ ತಿದ್ದುಪಡಿಯಲ್ಲಿ. ಕಡ್ಡಾಯ ವಿಮೆಯ ಮಿತಿ ಎಷ್ಟು ಗೊತ್ತೇನ್ರಿ? 2,000 ರೂಪಾಯಿ. 1982ರಲ್ಲಿ ಅದು 6,000 ಆಯಿತು. 1988ರ ಹೊಸ ಕಾಯ್ದೆಯೂ ಅದೇ 6,000 ಉಳಿಸಿಕೊಂಡಿತು. ಪಾಲಿಸಿಗಳಲ್ಲಿ ಕಾರಿಗೆ ಏಳೂವರೆ ಲಕ್ಷದವರೆಗೆ ಕವರ್ ಬಂದಿದ್ದು ವಿಮೆ ದರಪಟ್ಟಿಯ ಮೂಲಕ.

ಇಲ್ಲೇ ನಮ್ಮ ಪ್ರಶ್ನೆಗೆ ಉತ್ತರ ಇದೆ. ಟ್ರ್ಯಾಕ್ಟರಿನವನ ತಪ್ಪಿನಿಂದ ನಿಮ್ಮ ಬಂಪರ್ ಹೋಯಿತು ಅಂತಿಟ್ಟುಕೊಳ್ಳಿ. ಅವನ ವಿಮೆಯಿಂದ ದುಡ್ಡು ಬರಬೇಕಾದರೆ ಕಾನೂನಿನ ದಾರಿ ಟ್ರಿಬ್ಯೂನಲ್. ಪೊಲೀಸ್ ಕಂಪ್ಲೇಂಟ್, ವಕೀಲರು, ತಾರೀಖು. ಎಂಟು ಸಾವಿರದ ಬಂಪರಿಗೆ ಯಾರು ಹೋಗ್ತಾರೆ? ಜೀವ ಹೋದವರಿಗಾಗಿ ಕಟ್ಟಿದ ದಾರಿಯಲ್ಲಿ ಡೆಂಟ್ ಬಿದ್ದವರನ್ನೂ ಕಳಿಸಿದರೆ, ಜನ ರಸ್ತೆಯಲ್ಲೇ ನ್ಯಾಯ ಮುಗಿಸ್ತಾರೆ. ರಾಜಿ ಪಂಚಾಯ್ತಿ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ.

ಇನ್ನೊಂದು ದಾರಿ ನಿಮ್ಮದೇ ಕಂಪನಿ. ಇದಕ್ಕೆ ಓನ್ ಡ್ಯಾಮೇಜ್ ಅಂತಾರೆ. ಇದನ್ನ ಯಾವ ಕಾನೂನೂ ಕಡ್ಡಾಯ ಮಾಡಿಲ್ಲ. ಇದು ನಿಮ್ಮ ಮತ್ತು ಕಂಪನಿಯ ನಡುವಿನ ವ್ಯಾಪಾರದ ಒಪ್ಪಂದ. ಇದರ ವಂಶ ಹುಡುಕಿದರೆ ರಸ್ತೆ ಸಿಗಲ್ಲ, ಸಮುದ್ರ ಸಿಗ್ತದೆ. ಹಳೇ ಕಾಲದ ಹಡಗು ವಿಮೆಯಲ್ಲಿ ಮರದ ಹಡಗು ರಿಪೇರಿಯಾದರೆ ಖರ್ಚಿನಲ್ಲಿ ಮೂರನೇ ಒಂದು ಭಾಗ ಕಡಿಯುವ ರೂಢಿ ಇತ್ತು. ಹಳೇ ಮರ ಹೋಗಿ ಹೊಸ ಮರ ಬಂತಲ್ಲ, ಆ ಲಾಭ ಮಾಲೀಕನಿಗೆ ಪುಕ್ಕಟೆ ಸಿಗಬಾರದು ಅನ್ನೋ ಲೆಕ್ಕ. ಗ್ಯಾರೇಜಿನ ಬಿಲ್ಲಿನಲ್ಲಿ ನೀವು ನೋಡುವ "ಡಿಪ್ರಿಸಿಯೇಶನ್" ಇದೇ ತರ್ಕ.

ನಮ್ಮಲ್ಲಿ 2002ರ ಮೋಟಾರು ದರಪಟ್ಟಿ ಈ ಲೆಕ್ಕವನ್ನ ಬರೆದಿಟ್ಟಿತು. ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಶೇ 50 ಕಡಿತ. ಗಾಜಿಗೆ ಕಡಿತ ಇಲ್ಲ. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಕಡಿತ. ನಾಲ್ಕು ವರ್ಷ ದಾಟಿ ಐದರೊಳಗಿದ್ದರೆ ಶೇ 35. ಉದಾಹರಣೆಗೆ ಅಷ್ಟು ವಯಸ್ಸಿನ ಸಣ್ಣ ಕಾರು: ಬಂಪರ್ 8,000, ಬಾಗಿಲ ತಗಡು 6,000, ಡೆಂಟಿಂಗ್ ಕೂಲಿ 3,000. ಒಟ್ಟು 17,000. ಸಿಗೋದು 4,000, 3,900, 3,000. ಅದರಲ್ಲಿ ಕಡ್ಡಾಯವಾಗಿ ನೀವು ಹೊರಬೇಕಾದ 1,000 ಕಳೆದರೆ 9,900. ಮೇಲೆ, ಕ್ಲೇಮ್ ಮಾಡಿದರೆ ಶೇ 50ರವರೆಗೆ ಏರಿದ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳೀತದೆ. ಸಣ್ಣ ಡೆಂಟಿಗೆ ಕೈಯಿಂದಲೇ ಕೊಡುವುದು ಲಾಭ ಅಂತ ಮೇಸ್ತ್ರಿ ಹೇಳೋದು ಇದಕ್ಕೇ. ಅವರ ಮಾತಿನಲ್ಲಿ ಸತ್ಯ ಅದ.

ಸರ್ವೇಯರ್ ಯಾಕೆ ಬರ್ತಾರೆ? ಗ್ಯಾರೇಜು ಹೆಚ್ಚು ಹೇಳಬಹುದು, ಕಂಪನಿ ಕಡಿಮೆ ಹೇಳಬಹುದು. ಅದಕ್ಕೆ 1968ರ ತಿದ್ದುಪಡಿ, ದೊಡ್ಡ ನಷ್ಟವನ್ನ ಲೈಸೆನ್ಸ್ ಇರುವ ಸರ್ವೇಯರೇ ಅಳೆಯಬೇಕು ಅಂತ ಮಾಡಿತು. ಆಗಿನ ಮಿತಿ 20,000. ಮುಂದೆ ವಾಹನಕ್ಕೆ 50,000 ಆಯಿತು. ಹಾಗಾಗಿ ಸಣ್ಣ ಕೆಲಸಕ್ಕೆ ಈಗ ಕಂಪನಿಯವರು ಫೋಟೋ, ವಿಡಿಯೋ ಕಳಿಸಿ ಅಂತಾರೆ. ಫೋಟೋ ನೋಡಿ ಒಪ್ಪಿಗೆ ಸಿಗುವ ಮೊದಲು ಗಾಡಿ ಬಿಚ್ಚಿಸಬೇಡಿ. ನಿಮ್ಮೂರಿನ ಗ್ಯಾರೇಜಿಗೆ ಕ್ಯಾಶ್‌ಲೆಸ್ ಇಲ್ಲದಿದ್ದರೂ ಪರವಾಗಿಲ್ಲ. ದುಡ್ಡು ಕೊಟ್ಟು, ಪಕ್ಕಾ ಬಿಲ್ ತಗೊಂಡು, ಆಮೇಲೆ ಮರಳಿ ಪಡೆಯಬಹುದು. ರಸ್ತೆಯಲ್ಲಿ "ತಪ್ಪು ನಂದೇ" ಅಂತ ಬರೆದು ಸಹಿ ಹಾಕಬೇಡಿ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆಯಾಗಲಿ ದುಡ್ಡಿನ ಮಾತಾಗಲಿ ಕೊಡಬಾರದು ಅಂತ ಪಾಲಿಸಿಯಲ್ಲೇ ಷರತ್ತಿದೆ. ಕಂಪನಿ ಅನ್ಯಾಯ ಮಾಡಿತು ಅನಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. 1998ರ ನಿಯಮಗಳಿಂದ ಬಂದ ವ್ಯವಸ್ಥೆ ಅದು. ಫೀಸಿಲ್ಲ, ವಕೀಲರೂ ಬೇಡ.

ಕೊನೆಯದಾಗಿ, ನಮ್ಮ ವಯಸ್ಸಿನವರು ಹೆಚ್ಚು ಸಿಕ್ಕಿಬೀಳುವ ಒಂದು ಜಾಗ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ತಗೊಳ್ಳಬೇಕು. ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಇರ್ತದೆ. "ನಂದು ಇನ್ನೂ ಮೂರು ವರ್ಷ ಅದ ಬಿಡ್ರಿ" ಅಂತ ಆರಾಮಿರ್ತೀವಿ. ಗಾಡಿ ಬಿದ್ದ ದಿನ ಗೊತ್ತಾಗ್ತದೆ, ಉಳಿದಿದ್ದು ಬೇರೆಯವರ ವಿಮೆ, ನಮ್ಮದು ಯಾವತ್ತೋ ಮುಗಿದಿದೆ ಅಂತ.

ಈ ಎಪಿಸೋಡ್ ಮುಗಿದ ಮೇಲೆ ಮೊಬೈಲಿನಲ್ಲಿರುವ ಪಾಲಿಸಿ ತೆಗೆದು ನೋಡ್ರಿ. ಅದರಲ್ಲಿ ಎರಡು ಮುಗಿಯುವ ತಾರೀಖು ಇರ್ತಾವ. ಒಂದು ಕಾನೂನು ಬೇರೆಯವರಿಗಾಗಿ ಕೇಳಿದ್ದು, ಇನ್ನೊಂದು ನೀವು ನಿಮಗಾಗಿ ತಗೊಂಡಿದ್ದು. ಎರಡನ್ನೂ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳ್ರಿ. ಮತ್ತೆ ಸಿಗೋಣ.