ದೋಣಿಗಲ್ಲಿನಲ್ಲಿ ದೂರದ ಲೆಕ್ಕ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದ ದಾರಿ ಸುಮಾರು 300 ಕಿಲೋಮೀಟರ್, ಹೆಚ್ಚೆಂದರೆ ಒಂದು ಗಂಟೆಯ ಪ್ರಯಾಣ. ರಸ್ತೆಯಲ್ಲಿ ಸುಮಾರು 350. ಅಂಕಿಯಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಆದರೆ ಸಕಲೇಶಪುರ ದಾಟಿ ದೋಣಿಗಲ್ ಬಂದ ಮೇಲೆ ಮೈಲಿಗಲ್ಲುಗಳನ್ನು ನಂಬುವಂತಿಲ್ಲ. ಅಲ್ಲಿಂದ ಮುಂದೆ ಶಿರಾಡಿ ಘಾಟಿ.

ಇದನ್ನು ಚೆನ್ನಾಗಿ ಅರಿತಿದ್ದವರು ಟಿಪ್ಪು ಸುಲ್ತಾನ್. ದೋಣಿಗಲ್ ಬಳಿಯ ಗುಡ್ಡದಲ್ಲಿ, 3,200 ಅಡಿಗೂ ಮೇಲೆ, 1792ರಲ್ಲಿ ಅವರು ಕಟ್ಟಿಸಿ ಮುಗಿಸಿದ ಮಂಜರಾಬಾದ್ ಕೋಟೆಗೆ ಎಂಟು ಮೂಲೆಗಳು. ಫ್ರೆಂಚ್ ಮಾದರಿಯ ನಕ್ಷತ್ರಾಕಾರ. ನೋಡಲು ಬಂದವರು ಆಕಾರಕ್ಕೆ ಬೆರಗಾಗುತ್ತಾರೆ. ಕೋಟೆ ಇಲ್ಲೇ ಯಾಕೆ ಎಂದು ಕೇಳುವವರು ಕಡಿಮೆ. 1763ರಲ್ಲಿ ಹೈದರಾಲಿ ಮಂಗಳೂರನ್ನು ವಶಪಡಿಸಿಕೊಂಡಾಗ ಮೈಸೂರಿಗೆ ಕಡಲು ಸಿಕ್ಕಿತ್ತು. ಅಕ್ಕಿ, ಕರಿಮೆಣಸು, ಶ್ರೀಗಂಧ ಅರಬ್ ನಾಡಿಗೆ ಹೋಗುತ್ತಿದ್ದವು. ಮಸ್ಕತ್‌ನಲ್ಲಿ ಟಿಪ್ಪುವಿನ ವ್ಯಾಪಾರದ ಕೋಠಿಯೇ ಇತ್ತು. ಕೋಟೆ ಮುಗಿದ ವರ್ಷವೇ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮಲಬಾರ್ ಹೋಯಿತು, ಕೊಡಗು ಕೈತಪ್ಪಿತು. ಮಂಗಳೂರು ಉಳಿಯಿತು, ಅಲ್ಲಿಗೆ ಇಳಿಯುವ ಘಾಟಿಯ ನೆತ್ತಿಯಲ್ಲಿ ಈ ಕೋಟೆ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಕತ್ತಿಯನ್ನಷ್ಟೇ ನೋಡುತ್ತಾರೆ, ಬಂದರಿನ ಈ ಲೆಕ್ಕವನ್ನು ಇಬ್ಬರೂ ಮರೆಯುತ್ತಾರೆ.

ರೈಲು ಈ ಬೆಟ್ಟ ದಾಟಿದ್ದು ತೀರಾ ತಡವಾಗಿ, 1979ರಲ್ಲಿ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿಯ ಮೇಲೆ ದೋಣಿಗಲ್ಲಿಗೂ ಒಂದು ನಿಲ್ದಾಣ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ಇಷ್ಟು ದಾಟಲು ಎರಡು ಗಂಟೆಗೂ ಮೇಲೆ ಬೇಕು. ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿದ ರೈಲು ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ!

ಅಷ್ಟರಲ್ಲಿ ಆಕಾಶದ ದಾರಿ ತೆರೆದಾಗಿತ್ತು. ಬಜ್ಪೆಯಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದಾಗಲೇ ವಿಮಾನ ನಿಲ್ದಾಣ ಆರಂಭವಾಗಿತ್ತು. 2006ರಲ್ಲಿ ಅಲ್ಲಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಅದುವರೆಗೆ ಮುಂಬೈಗೋ ಕೋಝಿಕ್ಕೋಡಿಗೋ ಹೋಗಿ ಗಲ್ಫ್ ವಿಮಾನ ಹತ್ತುತ್ತಿದ್ದ ನಮ್ಮ ಮನೆಮನೆಯ ಮಕ್ಕಳಿಗೆ ಅದೆಷ್ಟು ನೆಮ್ಮದಿ! ಸುಮಾರು 2,500 ಕಿಲೋಮೀಟರ್, ಮೂರೂವರೆ ಗಂಟೆ. ಘಾಟಿಯ ರೈಲು ಜನರನ್ನು ಮತ್ತೆ ಬೆಂಗಳೂರಿಗೆ ಒಯ್ಯುವ ಮೊದಲೇ ಮಂಗಳೂರಿಗೆ ದುಬೈ ಹತ್ತಿರವಾಗಿತ್ತು.

ಬೆಟ್ಟ ಮಾತ್ರ ಇದ್ದಲ್ಲೇ ಇದೆ. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿದು ವಾರಗಟ್ಟಲೆ ರೈಲು ನಿಂತಿತು. 2021ರ ಜುಲೈಯಲ್ಲಿ ದೋಣಿಗಲ್ ಬಳಿಯೇ ಹೆದ್ದಾರಿ ಕುಸಿಯಿತು. 2022ರ ಮಳೆಗಾಲದಲ್ಲಿ ಮತ್ತೆ. ಬೆಂಗಳೂರಿನಿಂದ ಹಾರಿ ಬರುವವರಿಗೆ ಇದು ಪತ್ರಿಕೆಯ ಸುದ್ದಿಯಷ್ಟೆ. ಲಾರಿ ಚಾಲಕ ಮಾತ್ರ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಬೇಕು. ಮಂಗಳೂರಿನ ಆಸ್ಪತ್ರೆಗೆ ಹೊರಟ ಸಕಲೇಶಪುರದ ರೋಗಿಗೂ ಅದೇ ಸುತ್ತು. ದುಬೈಯಿಂದ ರಜೆಗೆ ಬಂದು ಬಜ್ಪೆಯಲ್ಲಿ ಇಳಿದ ಇಲ್ಲಿನ ಹುಡುಗನಿಗೆ ಅಂಥ ದಿನಗಳಲ್ಲಿ, ಕಡಲು ದಾಟಿದ್ದಕ್ಕಿಂತ ಹೆಚ್ಚು ಹೊತ್ತು ಮನೆ ಸೇರಲು ಹಿಡಿಯುತ್ತದೆ.