ಎಡಗೈಯವರಿಗೆ ಎಡಗೈ ರೈಫಲ್ಲೇ ಬೇಕೆ?

ಎಡಗೈಯಲ್ಲಿ ಬರೆಯುವವರು ಎಡಗೈ ರೈಫಲನ್ನೇ ಕೊಳ್ಳಬೇಕು ಎಂಬ ನಂಬಿಕೆಯಿದೆ. ಆದರೆ ಗುರಿ ನೋಡುವುದು ಕಣ್ಣು. ಹಾಗಾಗಿ ಯಾವ ಕಣ್ಣು ಪ್ರಬಲವೆಂದು ಮೊದಲು ತಿಳಿಯೋಣ.

ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತುವೊಂದನ್ನು ಅದರಲ್ಲಿ ನೋಡಿ. ಬಳಿಕ ಒಂದೊಂದೇ ಕಣ್ಣು ಮುಚ್ಚಿ. ಯಾವುದನ್ನು ಮುಚ್ಚಿದಾಗ ವಸ್ತು ಮರೆಯಾಗುತ್ತದೋ ಅದೇ ಪ್ರಬಲ ಕಣ್ಣು.

ಅದು ಎಡಗಣ್ಣಾದರೆ ಎಡಗೈ ರೈಫಲ್ ಸರಿ. ಕೆನ್ನೆ ಆನಿಸುವ ಭಾಗ ಎಡಗೆನ್ನೆಗೆ ಹೊಂದುತ್ತದೆ. ಬಲಗಣ್ಣಾದರೆ, ಹೊಸಬರು ಬಲ ಭುಜದಿಂದಲೇ ಕಲಿಯುವುದು ಸಾಮಾನ್ಯವಾಗಿ ಸುಲಭ.

ಸ್ಕೋಪ್‌ಗೆ ಎಡ-ಬಲವೆಂಬ ಭೇದವಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಂತೂ ಅದಕ್ಕೆ ಅವಕಾಶವೇ ಇಲ್ಲ. ಸಣ್ಣ ರಂಧ್ರದ ಪೀಪ್ ಸೈಟ್‌ನಲ್ಲೇ ಗುರಿ ನೋಡಬೇಕು. ಆ ಸ್ಪರ್ಧೆಯೇ ನಿಮ್ಮ ಗುರಿಯಾದರೆ ಸ್ಕೋಪ್‌ನ ಹಣ ಉಳಿಸಿ ಎನ್ನುತ್ತೇವೆ ನಾವು.