ತಪ್ಪು ಹೆಸರಿನ ಮಕ್ಕಳು

ಸಿಂಧನೂರು, ಲಿಂಗಸುಗೂರು ಸೀಮೆಯವರಿಗೆ ಮಸ್ಕಿಯ ಶಾಸನ ಪರಿಚಿತ. ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು 1915ರಲ್ಲಿ ಬೆಳಕಿಗೆ ಬಂದ ಆ ಬಂಡೆಯಿಂದ ದೃಢಪಟ್ಟಿತು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ತಪ್ಪು ಹೆಸರಿನಿಂದ ಪಾರಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

1866ರಲ್ಲಿ ಆಂಗ್ಲ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಇವರ ಲಕ್ಷಣಗಳನ್ನು ಚೆನ್ನಾಗಿಯೇ ಗುರುತಿಸಿದರು; ಆದರೆ ಮುಖಚಹರೆ ಕಂಡು ‘ಮಂಗೋಲಿಯನ್’ ಎಂದು ಕರೆದರು. ಒಂದು ಜನಾಂಗಕ್ಕೇ ಅವಮಾನವಾಗುವ ಮಾತದು! 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮೊದಲಾದವರು ಕಾರಣವನ್ನು ಪ್ರಕಟಿಸಿದರು: ಜೀವಕೋಶದಲ್ಲಿ 46ರ ಬದಲು 47 ವರ್ಣತಂತುಗಳು. ಹೆಚ್ಚಾದದ್ದು 21ನೆಯದು. ಎಂದಮೇಲೆ ಇದು ಗ್ರಹಣದ ನೆರಳಲ್ಲ, ತಾಯಿಯ ಪಾಪವಲ್ಲ, ಬಹುಪಾಲು ವಂಶದಿಂದ ಬಂದದ್ದೂ ಅಲ್ಲ. 1965ರಲ್ಲಿ ಮಂಗೋಲಿಯದ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಹೆಸರನ್ನು ಕೈಬಿಟ್ಟಿತು.

ಪಾಪದ ಫಲವೆಂದು ಕೈಚೆಲ್ಲಿ ಕುಳಿತ ಮನೆಯಲ್ಲಿ ಮಗುವಿನ ಹೃದಯಪರೀಕ್ಷೆ ನಡೆಯುವುದೆಂತು? ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೂ ಇದೆ.